ಎಂಜಿನ್‌ನ ಬಲ ಹೆಚ್ಚಿಸಿದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ತಾಳೀತೆ?

ಪ್ರಶ್ನೆ: ನಾನು ಟೆಕ್ಸಾಸ್‌ನ ಆಸ್ಟಿನ್ ಸಮೀಪ ನೆಲೆಸಿರುವ ಕನ್ನಡಿಗ. ನನ್ನಲ್ಲಿ 2005ರ ಶೆವ್ರೊಲೆ ಸಿಲ್ವರಾಡೊ 1500 ಪಿಕಪ್ ಇದೆ. 5.3 ಲೀಟರ್ ವಿ8 ಎಂಜಿನ್, ನಾಲ್ಕು ಗೇರಿನ 4ಎಲ್60ಇ ಆಟೊಮ್ಯಾಟಿಕ್, ಹಿಂದಿನ ಚಕ್ರಗಳಿಗೆ ಮಾತ್ರ ಚಾಲನೆ, 3.73 ಅನುಪಾತದ ಆಕ್ಸಲ್. ಈವರೆಗೆ ಓಡಿರುವುದು 1,40,000 ಮೈಲಿ. ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸೂಪರ್‌ಚಾರ್ಜರ್ ಕೂರಿಸಿ ಸುಮಾರು 600 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಪಡೆಯುವ ಯೋಚನೆಯಿದೆ. ಬೇಸಿಗೆಯ ವಾರಾಂತ್ಯಗಳಲ್ಲಿ ಎರಡೂವರೆ ಟನ್ ತೂಗುವ ದೋಣಿಯನ್ನು ಲೇಕ್ ಟ್ರಾವಿಸ್‌ಗೆ ಎಳೆದೊಯ್ಯುತ್ತೇನೆ. ಗೇರ್‌ಬಾಕ್ಸ್ ತಾಳಬೇಕಾದರೆ ಯಾವ ಯಾವ ಗಟ್ಟಿ ಬಿಡಿಭಾಗಗಳನ್ನು ಕೊಳ್ಳಬೇಕು ಎಂದು ತಿಳಿಸುವಿರಾ?

ಉತ್ತರ: ನೀವು ಕೇಳಿರುವುದು ಬಿಡಿಭಾಗಗಳ ಪಟ್ಟಿ. ಅದನ್ನು ಮುಂದೆ ಕೊಡುತ್ತೇನೆ. ಆದರೆ ಪಟ್ಟಿಯಿಂದಲೇ ಕೆಲಸ ಆರಂಭಿಸಿದವರ ಗೇರ್‌ಬಾಕ್ಸ್‌ಗಳು ಎರಡನೆಯ ಸಲ ನನ್ನ ಬೆಂಚಿಗೆ ಬಂದದ್ದನ್ನು ಬೇಕಾದಷ್ಟು ಕಂಡಿರುವುದರಿಂದ, ಈ ಪೆಟ್ಟಿಗೆ ಯಾವುದರಿಂದ ಸಾಯುತ್ತದೆ ಎಂಬುದನ್ನು ಮೊದಲು ಹೇಳುವುದು ಮೇಲು.

ಮೊದಲು ಅಂಕಿಗಳನ್ನು ನೋಡೋಣ. ನಿಮ್ಮ ಎಂಜಿನ್ ಕಾರ್ಖಾನೆಯಿಂದ ಹೊರಟಾಗ ಕೊಡುತ್ತಿದ್ದ ಟಾರ್ಕ್ ಸುಮಾರು 454 ನ್ಯೂಟನ್ ಮೀಟರ್. ಗೇರ್‌ಬಾಕ್ಸ್‌ಗೆ ಜನರಲ್ ಮೋಟರ್ಸ್ ನಿಗದಿಪಡಿಸಿದ ಒಳಹರಿವಿನ ಮಿತಿ 360 ಪೌಂಡ್ ಅಡಿ, ಅಂದರೆ ಸುಮಾರು 488. ಹೀಗಾಗಿ ಇಂದೇ ನಿಮ್ಮ ಗಾಡಿ ಮಿತಿಯ ಹತ್ತಿರದಲ್ಲಿ ಓಡುತ್ತಿದೆ. 600ಕ್ಕೆ ಏರಿಸಿದರೆ ಮಿತಿಯನ್ನು ಶೇಕಡಾ 23ರಷ್ಟು ದಾಟಿದಂತೆ. ಈ ಪೆಟ್ಟಿಗೆಯ ಮೂಲ 1982ರ 700ಆರ್4; 1993ರಲ್ಲಿ ಅದಕ್ಕೆ ವಿದ್ಯುನ್ಮಾನ ನಿಯಂತ್ರಣ ಸೇರಿ 4ಎಲ್60ಇ ಆಯಿತು. ಬಲವಾದ ಎಂಜಿನ್‌ಗಳ ಕಾಲ ಬರುವ ಮೊದಲು ರೂಪುಗೊಂಡ ವಿನ್ಯಾಸವನ್ನೇ ತಿದ್ದುತ್ತ ತಿದ್ದುತ್ತ ಎರಡು ದಶಕಕ್ಕೂ ಹೆಚ್ಚು ಕಾಲ ಬಳಸಿದ್ದಾರೆ ಎಂಬುದನ್ನು ಮರೆಯಬಾರದು. ಆದರೂ ಕಾರ್ಖಾನೆಯ ಮಿತಿ ಎಂದರೆ ದಾಟಿದ ದಿನವೇ ಮುರಿದು ಬೀಳುವ ಗೆರೆಯಲ್ಲ. ಹೊರೆ ಹೊತ್ತು ವರ್ಷಗಟ್ಟಲೆ ಓಡಿದರೂ ಬಾಳಬೇಕೆಂದು ಇಟ್ಟ ಲೆಕ್ಕ. ಅದನ್ನು ದಾಟಿದಾಗ ನೀವು ಖರ್ಚು ಮಾಡುವುದು ಗೇರ್‌ಬಾಕ್ಸ್‌ನ ಆಯುಸ್ಸನ್ನು.

ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನಲ್ಲಿ ಹಲ್ಲು ಮುರಿದು ಸದ್ದು ಮಾಡಿ ಸಾಯುವ ಪೆಟ್ಟಿಗೆಗಳು ಕಡಿಮೆ. ಸದ್ದಿಲ್ಲದೆ ಸುಟ್ಟುಹೋಗುವವೇ ಹೆಚ್ಚು. ಒಳಗೆ ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್ ಪ್ಲೇಟ್‌ಗಳ ಕಟ್ಟುಗಳಿವೆ. ಒಂದು ಉಕ್ಕಿನ ಪ್ಲೇಟ್, ಅದರ ಪಕ್ಕಕ್ಕೆ ಕಾಗದದಂಥ ಪದರ ಅಂಟಿಸಿದ ಇನ್ನೊಂದು ಪ್ಲೇಟ್, ಹೀಗೆ ಒಂದರ ಮೇಲೊಂದು. ಆಯಿಲ್‌ನ ಒತ್ತಡ ಒಂದು ಪಿಸ್ಟನ್ ಅನ್ನು ತಳ್ಳಿ ಈ ಕಟ್ಟನ್ನು ಹಿಂಡುತ್ತದೆ. ಅದು ಎಷ್ಟು ಟಾರ್ಕ್ ಹಿಡಿಯಬಲ್ಲದು ಎಂಬುದು ಪಿಸ್ಟನ್‌ನ ಮೇಲ್ಮೈ, ಅದರ ಮೇಲಿನ ಒತ್ತಡ, ಪದರದ ಘರ್ಷಣೆ, ಪ್ಲೇಟ್‌ಗಳ ಸಂಖ್ಯೆ ಮತ್ತು ಅವುಗಳ ಅಗಲ, ಇಷ್ಟನ್ನು ಅವಲಂಬಿಸಿದೆ. ಇವುಗಳಲ್ಲಿ ಒಂದೇ ಒಂದು ಕುಂದಿದರೂ ಕ್ಲಚ್ ಚೂರು ಜಾರುತ್ತದೆ, ಜಾರಿದರೆ ಕಾಯುತ್ತದೆ, ಕಾದರೆ ಪದರ ಗಾಜಿನಂತೆ ನುಣುಪಾಗಿ ಇನ್ನಷ್ಟು ಜಾರುತ್ತದೆ. ಚಾಲಕನಿಗೆ ವ್ಯತ್ಯಾಸ ತಿಳಿಯುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ.

4ಎಲ್60ಇಯಲ್ಲಿ ಈ ಕಥೆ ನಡೆಯುವ ಜಾಗ ಸಾಮಾನ್ಯವಾಗಿ ಒಂದೇ: ಮೂರು ಮತ್ತು ನಾಲ್ಕನೆಯ ಗೇರ್‌ಗಳ ಕ್ಲಚ್. ಒಂದೇ ಅಲ್ಯೂಮಿನಿಯಂ ಡ್ರಮ್‌ನೊಳಗೆ ಮೂರು ಕ್ಲಚ್‌ಗಳನ್ನು ತುರುಕಿರುವುದರಿಂದ ಇದಕ್ಕೆ ಸಿಕ್ಕ ಜಾಗ ಕಡಿಮೆ. ಎರಡರಿಂದ ಮೂರಕ್ಕೆ ಹೋಗುವಾಗ ಎಂಜಿನ್ ಒಮ್ಮೆಲೆ ಸುಯ್ಯೆಂದು ಮೇಲೆದ್ದು ಗಾಡಿ ಮುಂದೆ ಸಾಗದಿದ್ದರೆ, ನೂರಕ್ಕೆ ತೊಂಬತ್ತು ಪಾಲು ಈ ಕ್ಲಚ್ ಸುಟ್ಟಿದೆ ಎಂದೇ ತಿಳಿಯಿರಿ. ತೆಳುವಾದ ಉಕ್ಕಿನ ಪ್ಲೇಟ್‌ಗಳನ್ನು ಬಳಸಿ ಅದೇ ಜಾಗದಲ್ಲಿ ಹೆಚ್ಚು ಪ್ಲೇಟ್ ಕೂರಿಸುವ ಕಿಟ್‌ಗಳು ಸಿಗುತ್ತವೆ, ಒಳ್ಳೆಯವೇ. ಆದರೆ ಪ್ಲೇಟ್ ತೆಳುವಾದಷ್ಟೂ ಅದು ಹೀರಿಕೊಳ್ಳುವ ಶಾಖವೂ ಕಡಿಮೆಯಾಗುತ್ತದೆ ಎಂಬುದನ್ನು ಮಾರುವವರು ಹೇಳುವುದಿಲ್ಲ.

ಪ್ಲೇಟ್ ಸುಟ್ಟಿತು ಎಂದು ಪ್ಲೇಟ್ ಮಾತ್ರ ಬದಲಿಸುವುದು, ಸೂರು ಸೋರುವಾಗ ನೆಲ ಒರೆಸಿದಂತೆ. ಅದು ಏಕೆ ಸುಟ್ಟಿತು ಎಂದು ಹುಡುಕಬೇಕು. ಸವೆದ ಪಂಪ್, ಡ್ರಮ್‌ನ ಶಾಫ್ಟ್ ಮೇಲಿನ ಟೆಫ್ಲಾನ್ ಉಂಗುರಗಳ ಸೋರಿಕೆ, ಆಯಿಲ್ ಅನ್ನು ಬೇಕಾದ ಕಡೆಗೆ ಹಂಚುವ ವಾಲ್ವ್ ಬಾಡಿಯಲ್ಲಿ ಸವೆದ ವಾಲ್ವ್ ರಂಧ್ರಗಳು, ಇವೆಲ್ಲ ಕ್ಲಚ್‌ಗೆ ತಲುಪಬೇಕಾದ ಒತ್ತಡವನ್ನು ದಾರಿಯಲ್ಲೇ ಕದಿಯುತ್ತವೆ. ಇನ್ನೊಂದು ಕಳ್ಳ ಗೇರ್‌ಬಾಕ್ಸ್‌ನ ಕವಚದೊಳಗೇ ಅಡಗಿರುತ್ತಾನೆ: ಮೂರನೆಯ ಗೇರಿನ ಅಕ್ಯುಮುಲೇಟರ್ (ಗೇರ್ ಬದಲಾಗುವಾಗಿನ ಗುದ್ದನ್ನು ಮೆದುವಾಗಿಸುವ ಸ್ಪ್ರಿಂಗ್ ಪಿಸ್ಟನ್) ದಾರಿಯಲ್ಲಿ ಕೂರಿಸಿರುವ, ಚಿಕ್ಕ ಉಕ್ಕಿನ ಗುಂಡು ಇರುವ ಒಂದು ಕೊಳವೆ. ಅದರ ಗುಂಡು ಸರಿಯಾಗಿ ಕೂರದಿದ್ದರೆ ಕ್ಲಚ್‌ಗೆ ಹೋಗಬೇಕಾದ ಆಯಿಲ್ ಅಲ್ಲಿಂದ ಜಾರಿಹೋಗುತ್ತದೆ. ಈ ಕಸುಬಿನ ಆರಂಭದ ದಿನಗಳಲ್ಲಿ ನಾನೇ ದುಬಾರಿ ಪ್ಲೇಟ್‌ಗಳನ್ನು ಹಾಕಿ, ಆ ಕೊಳವೆಯನ್ನು ಪರೀಕ್ಷಿಸದೆ ಪೆಟ್ಟಿಗೆ ಮುಚ್ಚಿದ್ದೆ. ಆರು ವಾರಗಳಲ್ಲಿ ಅದೇ ಪ್ಲೇಟ್‌ಗಳು ಕರಿಯಾಗಿ ಹಿಂದಿರುಗಿದವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಮುಡಿಸಿದ ಕೆಲಸ ಅದು. ಅಂದಿನಿಂದ ಆ ಕೊಳವೆಗೆ ಸೀಮೆಎಣ್ಣೆ ಸುರಿದು, ತೊಟ್ಟಿಕ್ಕುತ್ತದೆಯೇ ಎಂದು ನೋಡದೆ ಮುಂದಿನ ಕೆಲಸಕ್ಕೆ ಕೈ ಹಾಕುವುದಿಲ್ಲ.

ಸೋರಿಕೆಗಳನ್ನೆಲ್ಲ ಮುಚ್ಚಿದ ಮೇಲೂ ಒತ್ತಡ ಎಷ್ಟಿರಬೇಕೆಂದು ನಿರ್ಧರಿಸುವುದು ಯಾರು? ನಿಮ್ಮ ಗಾಡಿಯ ಕಂಪ್ಯೂಟರ್. ಸೂಪರ್‌ಚಾರ್ಜರ್ ಹಾಕಿಸುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎಂಜಿನ್ ಒಳಗೆ ಹೋಗುವ ಗಾಳಿಯನ್ನು ಅಳೆದು, ಈ ಕ್ಷಣ ಎಷ್ಟು ಟಾರ್ಕ್ ಹೊರಡುತ್ತಿದೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆ ಲೆಕ್ಕಕ್ಕೆ ತಕ್ಕಂತೆ ಒತ್ತಡದ ಸೊಲೆನಾಯ್ಡ್‌ಗೆ (ವಿದ್ಯುತ್ತಿನಿಂದ ನಡೆಯುವ ವಾಲ್ವ್) ಕರೆಂಟ್ ಕಳಿಸುತ್ತದೆ. ಕರೆಂಟ್ ಹೆಚ್ಚಾದರೆ ಒತ್ತಡ ಕಡಿಮೆ, ಕರೆಂಟ್ ಇಲ್ಲದಿದ್ದರೆ ಪೂರ್ತಿ ಒತ್ತಡ. ತಂತಿ ಕಡಿದರೂ ಕ್ಲಚ್ ಉಳಿಯಲಿ ಎಂಬ ಮುಂಜಾಗ್ರತೆ ಅದು. ಈಗ ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವ ನಿಮ್ಮ ಗಾಡಿಯ ಮೂಲ ಮ್ಯಾಪ್ ಸೆನ್ಸರ್ ವಾತಾವರಣದ ಒತ್ತಡದವರೆಗೆ ಮಾತ್ರ ಓದಬಲ್ಲದು, ಸೂಪರ್‌ಚಾರ್ಜರ್ ಅದರ ಮೇಲೆ ತುಂಬುವ ಗಾಳಿ ಅದಕ್ಕೆ ಕಾಣುವುದೇ ಇಲ್ಲ. ಇದರ ಜೊತೆಗೆ ಕಂಪ್ಯೂಟರ್‌ನ ಲೆಕ್ಕಗಳನ್ನು ತಿದ್ದಿಕೊಡುವ ಕೆಲವು ಟ್ಯೂನರ್‌ಗಳು ಎಂಜಿನ್ ಸುಗಮವಾಗಿ ಓಡಲೆಂದು ಗಾಳಿಯ ಕೋಷ್ಟಕಗಳನ್ನು ಕೃತಕವಾಗಿ ತಗ್ಗಿಸಿಬಿಡುತ್ತಾರೆ. ಆಗ ಎಂಜಿನ್ 600 ಕೊಡುತ್ತಿದ್ದರೂ ಕಂಪ್ಯೂಟರ್ 420 ಎಂದು ನಂಬಿ, 420ಕ್ಕೆ ಬೇಕಾದಷ್ಟೇ ಒತ್ತಡ ಕೊಡುತ್ತದೆ. ಒಳಗೆ ಎಂಥ ಚಿನ್ನದ ಪ್ಲೇಟ್ ಇದ್ದರೂ ಸುಡುವುದು ಖಚಿತ. ಆದ್ದರಿಂದ ಟ್ಯೂನರ್‌ಗೆ ನೀವು ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಅಶ್ವಶಕ್ತಿ ಬಂತು ಎಂಬುದಲ್ಲ; ಪೂರ್ತಿ ಆಕ್ಸಿಲರೇಟರ್‌ನಲ್ಲಿ ಕಂಪ್ಯೂಟರ್ ಲೆಕ್ಕ ಹಾಕಿದ ಟಾರ್ಕ್ ಎಷ್ಟು, ಆಗ ಲೈನ್ ಪ್ರೆಷರ್, ಅಂದರೆ ಗೇರ್‌ಬಾಕ್ಸ್‌ನ ಆಯಿಲ್ ಒತ್ತಡ, ಎಷ್ಟು ಎಂಬುದು. ಎರಡನೆಯದನ್ನು ಕಂಪ್ಯೂಟರ್ ಪರದೆಯ ಮೇಲೆ ನಂಬಬೇಡಿ; ಗೇರ್‌ಬಾಕ್ಸ್ ಕವಚದ ರಂಧ್ರಕ್ಕೆ ಗೇಜ್ ಸಿಕ್ಕಿಸಿ ಓದಿಸಿ.

ಇನ್ನು ಗೇರ್ ಬದಲಾಗುವ ಆ ಅರ್ಧ ಸೆಕೆಂಡಿನ ಮಾತು. ಎರಡನೆಯ ಗೇರಿನ ಅನುಪಾತ 1.63, ಮೂರನೆಯದು 1. ನಿಮಿಷಕ್ಕೆ 5,500 ಸುತ್ತಿನಲ್ಲಿ ಗೇರ್ ಬದಲಾದರೆ ಎಂಜಿನ್ ಸುಮಾರು 3,370ಕ್ಕೆ ಇಳಿಯಬೇಕು. ಈ ಅಂತರ ಮುಗಿಯುವವರೆಗೂ ಎಲ್ಲೋ ಒಂದು ಕಡೆ ಜಾರುವಿಕೆ ನಡೆಯಲೇಬೇಕು. ಒರಟಾಗಿ ಲೆಕ್ಕ ಹಾಕಿದರೆ, 600 ನ್ಯೂಟನ್ ಮೀಟರ್ ತಳ್ಳುತ್ತಿರುವಾಗ ಬದಲಾವಣೆಗೆ ಅರ್ಧ ಸೆಕೆಂಡ್ ಹಿಡಿದರೆ ಸುಮಾರು 33 ಕಿಲೋಜೌಲ್ ಶಾಖ ಹುಟ್ಟುತ್ತದೆ, ಕಾಲು ಸೆಕೆಂಡಿನಲ್ಲಿ ಮುಗಿದರೆ ಅದರ ಅರ್ಧ. ಎಂಜಿನ್‌ನ ಸುತ್ತುವ ಭಾಗಗಳ ವೇಗ ಇಳಿಸಲು ಹೋಗುವ ಶಾಖ ಇದಕ್ಕೆ ಸೇರಿಲ್ಲ, ಅದು ಎರಡರಲ್ಲೂ ಇದ್ದದ್ದೇ. ಶಿಫ್ಟ್ ಕಿಟ್ ಎಂಬುದರ ಉದ್ದೇಶ ಈ ಸಮಯವನ್ನು ಕುಗ್ಗಿಸುವುದು. ವಾಲ್ವ್ ಬಾಡಿಗೂ ಕವಚಕ್ಕೂ ನಡುವಿನ ತಗಡಿನ ತೂತುಗಳನ್ನು ಹಿಗ್ಗಿಸಿ, ಅಕ್ಯುಮುಲೇಟರ್ ಸ್ಪ್ರಿಂಗ್‌ಗಳನ್ನು ಬಿಗಿ ಮಾಡಿ ಆಯಿಲ್ ಬೇಗ ತಲುಪುವಂತೆ ಮಾಡುತ್ತಾರೆ. ಇದು ಬೇಕು. ಆದರೆ ಪ್ರತಿ ಗೇರಿಗೂ ಬೆನ್ನಿಗೆ ಗುದ್ದಿದಂತಾದರೆ ಗೇರ್‌ಬಾಕ್ಸ್ ಗಟ್ಟಿಯಾಯಿತು ಎಂದು ಹೆಮ್ಮೆಪಡುವವರನ್ನು ಕಂಡರೆ ನನಗೆ ಕನಿಕರ; ಆ ಗುದ್ದನ್ನು ತಿನ್ನುವುದು ಒಳಗಿನ ಉಕ್ಕಿನ ಭಾಗಗಳೇ.

ಇದಕ್ಕಿಂತ ಜಾಣತನದ ದಾರಿ ಕಾರ್ಖಾನೆಯವರೇ ಇಟ್ಟಿದ್ದಾರೆ. ಗೇರ್ ಬದಲಾಗುವ ಕ್ಷಣದಲ್ಲಿ ಕಂಪ್ಯೂಟರ್ ಸ್ಪಾರ್ಕ್ ಅನ್ನು ತಡಮಾಡಿ ಎಂಜಿನ್‌ನ ಟಾರ್ಕ್ ತಗ್ಗಿಸುತ್ತದೆ. ಇದಕ್ಕೆ ಟಾರ್ಕ್ ಮ್ಯಾನೇಜ್‌ಮೆಂಟ್ ಎನ್ನುತ್ತಾರೆ. ಗಾಡಿ ಮಂದವಾಗಿದೆ ಎಂದು ಇದನ್ನು ಪೂರ್ತಿ ಆರಿಸಿ ಕೊಡುವುದು ಟ್ಯೂನಿಂಗ್ ಅಂಗಡಿಗಳ ವಾಡಿಕೆ. ಹೊರೆ ಎಳೆಯುವ ಗಾಡಿಯಲ್ಲಿ ಅದನ್ನು ಆರಿಸಬಾರದು. ಆ ಕಾಲು ಸೆಕೆಂಡಿನಲ್ಲಿ ಟಾರ್ಕ್ ಮೂರರಲ್ಲಿ ಒಂದು ಭಾಗ ಇಳಿದರೆ ಪಕ್ಕದಲ್ಲಿ ಕೂತವರಿಗೆ ಗೊತ್ತೂ ಆಗುವುದಿಲ್ಲ, ಕ್ಲಚ್‌ಗೆ ಮಾತ್ರ ಆಯುಸ್ಸು ಬರುತ್ತದೆ. ಹಣ ಖರ್ಚಾಗದ ಸುಧಾರಣೆ ಇದೊಂದೇ ಇರಬೇಕು.

ಈಗ ನೀವು ಕೇಳಿದ ಪಟ್ಟಿ. ಮೊದಲನೆಯದು ಸನ್ ಶೆಲ್. ಗಂಟೆಯ ಆಕಾರದ ಈ ಉಕ್ಕಿನ ಚಿಪ್ಪಿನ ಕತ್ತಿನ ಭಾಗ ಬಿರುಕು ಬಿಡುತ್ತದೆ, ಆಗ ಒಂದು ಮತ್ತು ಮೂರನೆಯ ಗೇರ್ ಇದ್ದು ಎರಡು, ನಾಲ್ಕು, ರಿವರ್ಸ್ ಮೂರೂ ಒಟ್ಟಿಗೆ ಮಾಯವಾಗುತ್ತವೆ. ದಪ್ಪ ಕತ್ತಿನ, ಶಾಖ ಸಂಸ್ಕರಣೆ ಮಾಡಿದ ಶೆಲ್ ದುಬಾರಿಯೇನಲ್ಲ, ಪೆಟ್ಟಿಗೆ ಬಿಚ್ಚಿದ ಮೇಲೆ ಹಾಕದೆ ಮುಚ್ಚಬೇಡಿ. ಎರಡನೆಯದು ಇನ್‌ಪುಟ್ ಸ್ಪ್ರಾಗ್, ಅಂದರೆ ಒಂದೇ ದಿಕ್ಕಿಗೆ ಹಿಡಿಯುವ ಬೇರಿಂಗ್. ಅದರಲ್ಲಿ 29 ತುಣುಕುಗಳಿರುವ ಬಲವಾದ ಬಗೆ ಸಿಗುತ್ತದೆ. ಪಂಪ್‌ನೊಳಗಿನ ರೆಕ್ಕೆಗಳನ್ನು ಹಿಡಿದಿಡುವ ಉಂಗುರಗಳು ಹೆಚ್ಚು ವೇಗದಲ್ಲಿ ಒಡೆಯುವುದರಿಂದ ಅವುಗಳ ಗಟ್ಟಿ ಬಗೆಯನ್ನು ಹಾಕಬೇಕು. ನಾಲ್ಕು ಪಿನಿಯನ್‌ಗಳ (ಚಿಕ್ಕ ಹಲ್ಲುಚಕ್ರಗಳ) ಪ್ಲಾನೆಟರಿ ಗೇರ್ ಬದಲು, ಇದೇ ಪೆಟ್ಟಿಗೆಯ ಬಲವಾದ ರೂಪವಾದ 4ಎಲ್65ಇಯಲ್ಲಿ ಬಂದ ಐದು ಪಿನಿಯನ್‌ಗಳದ್ದು, ಡ್ರಮ್ ಅನ್ನು ಸುತ್ತಿ ಹಿಡಿಯುವ ಬ್ಯಾಂಡ್‌ನ ಅಗಲವಾದ ಬಗೆ, ಆ ಬ್ಯಾಂಡನ್ನು ಬಿಗಿಯುವ, ಕಾರ್ವೆಟ್ ಕಾರಿಗೆಂದು ಬಂದ ದೊಡ್ಡ ಸರ್ವೊ ಪಿಸ್ಟನ್, ಇವು ಉಳಿದವು. ಐದು ಪಿನಿಯನ್‌ಗಳ 4ಎಲ್65ಇಗೂ ಕಾರ್ಖಾನೆ ಕೊಟ್ಟ ಮಿತಿ ಸುಮಾರು 515 ಮಾತ್ರ ಎಂಬುದನ್ನು ಗಮನಿಸಿ.

ಶಾಖದ ವಿಷಯಕ್ಕೆ ಬಂದರೆ ನಿಮ್ಮ ದೋಣಿ ಮುಖ್ಯವಾಗುತ್ತದೆ. ಎಂಜಿನ್‌ನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್‌ನಲ್ಲಿ ಎಂಜಿನ್ ತಿರುಗುತ್ತಿದ್ದು ಚಕ್ರ ತಿರುಗದಿರುವಷ್ಟು ಹೊತ್ತು ಎಂಜಿನ್‌ನ ಶಕ್ತಿಯೆಲ್ಲ ಆಯಿಲ್‌ನ ಶಾಖವಾಗುತ್ತದೆ. ದೋಣಿಯನ್ನು ನೀರಿನಿಂದ ಮೇಲೆಳೆಯುವ ಇಳಿಜಾರಿನಲ್ಲಿ, ನಿಮಿಷಕ್ಕೆ 1,600 ಸುತ್ತಿನಲ್ಲಿ 150 ನ್ಯೂಟನ್ ಮೀಟರ್ ಕೊಡುತ್ತ ಗಾಡಿ ಇದ್ದಲ್ಲೇ ನಿಂತಿದೆ ಎಂದುಕೊಳ್ಳಿ. ಅದು 25 ಕಿಲೋವಾಟ್, ನಮ್ಮ ಊರಿನ ಸ್ನಾನದ ಮನೆಯ ಎರಡು ಕಿಲೋವಾಟ್ ಗೀಸರ್‌ಗಳು ಹನ್ನೆರಡು ಒಟ್ಟಿಗೆ ಉರಿದಂತೆ, ಅದೂ ಹತ್ತು ಹನ್ನೆರಡು ಲೀಟರ್ ಆಯಿಲ್‌ನ ಮೇಲೆ. ಆಯಿಲ್ 80ರಿಂದ 90 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ಸುಖ. ಅಲ್ಲಿಂದ ಪ್ರತಿ ಹನ್ನೊಂದು ಡಿಗ್ರಿಗೆ ಅದರ ಆಯುಸ್ಸು ಅರ್ಧವಾಗುತ್ತದೆ ಎಂಬುದು ಈ ಕಸುಬಿನ ಹಳೆಯ ಸೂತ್ರ. ಟೆಕ್ಸಾಸ್‌ನ ಬೇಸಿಗೆಯಲ್ಲಿ ರೇಡಿಯೇಟರ್‌ನೊಳಗಿನ ಕೂಲರ್ ಒಂದನ್ನೇ ನಂಬುವಂತಿಲ್ಲ, ಅದರ ನಂತರ ದೊಡ್ಡದಾದ ಪ್ರತ್ಯೇಕ ಕೂಲರ್ ಬೇಕೇ ಬೇಕು. ಇದೇ ಕಾರಣಕ್ಕೆ ಹೆಚ್ಚು ಸ್ಟಾಲ್ ವೇಗದ (ಚಕ್ರ ನಿಂತಿರುವಾಗ ಎಂಜಿನ್ ಏರಬಲ್ಲ ವೇಗ) ಕನ್ವರ್ಟರ್ ನಿಮಗೆ ಬೇಡ. ರೇಸ್ ಓಡುವವನಿಗೆ ಅದು ವರ. ದೋಣಿ ಎಳೆಯುವವನಿಗೆ ಒಲೆ. ಮೂಲದ ಸ್ಟಾಲ್ ವೇಗದ ಆಸುಪಾಸಿನಲ್ಲೇ ಇದ್ದು, ಜಾರುವಿಕೆ ನಿಲ್ಲಿಸಿ ಎಂಜಿನ್ನನ್ನು ಗೇರ್‌ಬಾಕ್ಸ್‌ಗೆ ನೇರವಾಗಿ ಬೆಸೆಯುವ ಲಾಕಪ್ ಕ್ಲಚ್ ಮಾತ್ರ ಬಲವಾಗಿರುವ ಕನ್ವರ್ಟರ್ ಕೇಳಿ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನೂ ನೇರವಾಗಿ ಹೇಳಬೇಕು: ನಿಮ್ಮ ಗಾಡಿಗೆ 4ಎಲ್60ಇಯನ್ನು ಗಟ್ಟಿ ಮಾಡಿಸುವುದು ಸರಿಯಾದ ಖರ್ಚಲ್ಲ. ದೋಣಿ ಇಲ್ಲದಿದ್ದರೆ, ವಾರಕ್ಕೆರಡು ಸಲ ರಸ್ತೆಯಲ್ಲಿ ಸಂತೋಷಕ್ಕೆ ಆಕ್ಸಿಲರೇಟರ್ ಒತ್ತುವುದಷ್ಟೇ ಆಗಿದ್ದರೆ, ಮೇಲಿನ ಪಟ್ಟಿ ಮತ್ತು ಒಳ್ಳೆಯ ಟ್ಯೂನಿಂಗ್‌ನಿಂದ ಅದು 600ನ್ನು ಹೊರುತ್ತಿತ್ತು, ಹೊತ್ತಿರುವುದನ್ನು ಕಂಡಿದ್ದೇನೆ. ಬೇಸಿಗೆಯುದ್ದಕ್ಕೂ ಎರಡೂವರೆ ಟನ್ ಎಳೆಯುವುದು ಬೇರೆಯೇ ಮಾತು. ನಿಮ್ಮ ಗಾಡಿಯ ಅಣ್ಣನಾದ ಸಿಲ್ವರಾಡೊ 2500ಎಚ್‌ಡಿಯಲ್ಲಿ 6 ಲೀಟರ್ ಎಂಜಿನ್ ಜೊತೆ ಬಂದ 4ಎಲ್80ಇ ಇದೆಯಲ್ಲ, ಅದನ್ನು ಹಾಕಿಸಿ. 1964ರ ಟರ್ಬೊ 400 ಗೇರ್‌ಬಾಕ್ಸ್‌ಗೆ ಓವರ್‌ಡ್ರೈವ್ (ಹೆದ್ದಾರಿಯಲ್ಲಿ ಎಂಜಿನ್ ನಿಧಾನವಾಗಿ ತಿರುಗಲೆಂದು ಇರುವ ಕೊನೆಯ ಗೇರ್) ಸೇರಿಸಿ 1991ರಲ್ಲಿ ತಂದದ್ದು ಅದು. ಕಾರ್ಖಾನೆಯ ಮಿತಿ ಸುಮಾರು 597 ನ್ಯೂಟನ್ ಮೀಟರ್. ನಿಮಗೆ ಬೇಕಾದುದು ಏನೂ ಗಟ್ಟಿ ಮಾಡದೆ ಅಲ್ಲೇ ಸಿಗುತ್ತದೆ. ಗುಜರಿ ಅಂಗಳದಿಂದ ತಂದ ಪೆಟ್ಟಿಗೆಯನ್ನು ಹೊಸ ಸೀಲ್, ಪ್ಲೇಟ್, ಬುಶ್‌ಗಳೊಂದಿಗೆ ಕಟ್ಟಿಸಿದರೆ ಸಾಕು.

ಇದಕ್ಕೆ ಎದುರಾಗುವ ಆಕ್ಷೇಪವೆಂದರೆ ಅದರ ಮೊದಲ ಗೇರ್ 2.48 ಮಾತ್ರ, ನಿಮ್ಮದು 3.06, ಹೊರಡುವಾಗ ಗಾಡಿ ಸೋಮಾರಿಯಾಗುತ್ತದೆ, ಆಕ್ಸಲ್‌ನ ಹಲ್ಲುಗಳನ್ನೂ ಬದಲಿಸಬೇಕು ಎನ್ನುತ್ತಾರೆ. ನಿಮ್ಮ ವಿಷಯದಲ್ಲಿ ಲೆಕ್ಕ ಹಾಗೆ ಹೇಳುವುದಿಲ್ಲ. ಇಂದು 454ನ್ನು 3.06 ಮತ್ತು 3.73ರಿಂದ ಗುಣಿಸಿದರೆ ಸುಮಾರು 5,180; ನಾಳೆ 600ನ್ನು 2.48 ಮತ್ತು 3.73ರಿಂದ ಗುಣಿಸಿದರೆ 5,550. ಆಕ್ಸಲ್ ಮುಟ್ಟದೆಯೇ ಪೂರ್ತಿ ಆಕ್ಸಿಲರೇಟರ್‌ನಲ್ಲಿ ಚಕ್ರಕ್ಕೆ ಇಂದಿಗಿಂತ ಹೆಚ್ಚು ಎಳೆತ ತಲುಪುತ್ತದೆ. ಓವರ್‌ಡ್ರೈವ್ 0.70ರಿಂದ 0.75ಕ್ಕೆ ಹೋಗುವುದರಿಂದ ಹೆದ್ದಾರಿಯಲ್ಲಿ ಎಂಜಿನ್ ಶೇಕಡಾ ಏಳರಷ್ಟು ಹೆಚ್ಚು ತಿರುಗುತ್ತದೆ, ಅಷ್ಟೆ. ನಿಜವಾದ ತೊಂದರೆಗಳು ಬೇರೆ: ಪೆಟ್ಟಿಗೆ ಸುಮಾರು 40 ಕಿಲೊ ಹೆಚ್ಚು ಭಾರ, ಉದ್ದವೂ ಹೆಚ್ಚಾದ್ದರಿಂದ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಬೇಕು, ಹಿಂಬದಿಯ ಸ್ಪ್ಲೈನ್ (ಶಾಫ್ಟ್ ಮೇಲಿನ ಉದ್ದ ಹಲ್ಲುಗಳು) 27ರ ಬದಲು 32 ಇರುವುದರಿಂದ ಅದಕ್ಕೆ ಕೂಡುವ ಮುಂದಿನ ಯೋಕ್ ಬದಲಾಗಬೇಕು, ಅಡ್ಡಪಟ್ಟಿ ಹಿಂದಕ್ಕೆ ಸರಿಯಬೇಕು, ಫ್ಲೆಕ್ಸ್‌ಪ್ಲೇಟ್ (ಎಂಜಿನ್‌ಗೂ ಕನ್ವರ್ಟರ್‌ಗೂ ನಡುವಿನ ತಟ್ಟೆ) ಮತ್ತು ವೈರಿಂಗ್ ಹೊಂದಿಸಬೇಕು, ಕಂಪ್ಯೂಟರ್‌ಗೆ 4ಎಲ್80ಇಯ ಕ್ಯಾಲಿಬ್ರೇಷನ್ ತುಂಬಬೇಕು. ನಿಮ್ಮದು ನಾಲ್ಕು ಚಕ್ರ ಚಾಲನೆಯ ಗಾಡಿಯಾಗಿದ್ದರೆ ಟ್ರಾನ್ಸ್‌ಫರ್ ಕೇಸ್ ಜೋಡಣೆಯ ತಲೆನೋವೂ ಇರುತ್ತಿತ್ತು. ಪೆಟ್ಟಿಗೆ ಹುಡುಕುವಾಗ 1997ರಿಂದೀಚಿನದನ್ನೇ ಆರಿಸಿ. ಆ ವರ್ಷದಿಂದ ಕೂಲರ್‌ನಿಂದ ಮರಳುವ ಆಯಿಲ್ ಕವಚದ ಹಿಂಭಾಗಕ್ಕೆ ಬರುತ್ತದೆ, ಹಿಂದಿನ ಗೇರ್‌ಗಳಿಗೆ ಆಯಿಲ್ ಚೆನ್ನಾಗಿ ಸಿಗುತ್ತದೆ.

ಕರ್ನಾಟಕದಲ್ಲಿದ್ದು ಇದನ್ನು ಓದುವವರಿಗೆ ಒಂದು ಮಾತು. ಟೊಯೊಟಾ ಫಾರ್ಚುನರ್‌ನ 2.8 ಲೀಟರ್ ಡೀಸೆಲ್ 2021ರಿಂದ ಆಟೊಮ್ಯಾಟಿಕ್‌ನೊಂದಿಗೆ 500 ನ್ಯೂಟನ್ ಮೀಟರ್, ಮ್ಯಾನ್ಯುಯಲ್‌ನೊಂದಿಗೆ 420 ಮಾತ್ರ ಕೊಡುತ್ತದೆ. ಎಂಜಿನ್ ಒಂದೇ, ಟಾರ್ಕ್ ಬೇರೆ. ಟ್ಯೂನಿಂಗ್ ಬಾಕ್ಸ್ ಮಾರುವವರು ಹೇಳುವ ಅಂಕಿಯನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ ಎಂಬುದೂ ನೆನಪಿರಲಿ.

ಆಸ್ಟಿನ್‌ನ ಓದುಗರಿಗೆ ಕೆಲಸದ ಅನುಕ್ರಮ ಹೀಗಿರಲಿ. ಸೂಪರ್‌ಚಾರ್ಜರ್‌ಗೆ ದುಡ್ಡು ಕೊಡುವ ಮೊದಲೇ ಕೂಲರ್ ಮತ್ತು ಆಯಿಲ್‌ನ ಉಷ್ಣತೆ ತೋರಿಸುವ ಮೀಟರ್ ಹಾಕಿಸಿ. ಈ ಬೇಸಿಗೆಯ ಒಂದೆರಡು ಕೆರೆಯಾತ್ರೆಗಳಲ್ಲಿ ಮುಳ್ಳು ಎಲ್ಲಿಗೆ ಏರುತ್ತದೆ ಎಂದು ಬರೆದಿಟ್ಟುಕೊಳ್ಳಿ. ನಂತರ 4ಎಲ್80ಇಯನ್ನು ಈಗಿನ ಎಂಜಿನ್‌ನೊಂದಿಗೇ ಕೂರಿಸಿ ಓಡಿಸಿ, 800 ಕಿಲೋಮೀಟರ್ ಆದ ಮೇಲೆ ಪ್ಯಾನ್ ಇಳಿಸಿ ಅಯಸ್ಕಾಂತದ ಮೇಲಿನ ಪುಡಿಯನ್ನು ನೋಡಿ. ಬೂದು ಬಣ್ಣದ ನುಣುಪು ಪುಡಿ ಸಹಜ, ಹೊಳೆಯುವ ಚಕ್ಕೆ ಇದ್ದರೆ ನಿಲ್ಲಿಸಿ. ಸೂಪರ್‌ಚಾರ್ಜರ್ ಕೊನೆಗೆ ಬರಲಿ. ಟ್ಯೂನಿಂಗ್ ಮುಗಿದ ದಿನ ನಿಷ್ಕ್ರಿಯ ವೇಗದಲ್ಲಿ, ಅರ್ಧ ಆಕ್ಸಿಲರೇಟರ್‌ನಲ್ಲಿ ಮತ್ತು ಪೂರ್ತಿ ಒತ್ತಿದಾಗ ಗೇಜ್ ತೋರಿಸಿದ ಮೂರು ಒತ್ತಡಗಳನ್ನೂ, ಅದೇ ಕ್ಷಣಗಳಲ್ಲಿ ಕಂಪ್ಯೂಟರ್ ಲೆಕ್ಕ ಹಾಕಿದ ಟಾರ್ಕ್ ಅನ್ನೂ ನನಗೆ ಬರೆದು ಕಳಿಸಿ. ಎರಡೂ ತಾಳೆಯಾಗುತ್ತವೆಯೇ ಎಂದು ನೋಡಿ ಹೇಳುತ್ತೇನೆ, ದೋಣಿಯನ್ನು ಆಮೇಲೆ ಕಟ್ಟಿದರಾಯಿತು.